ಕಾರಿಗೆ ಹಾಕಿಸದಿದ್ದರೇ ಒಳ್ಳೆಯದಾದ ಎಕ್ಸ್‌ಟ್ರಾ ಫಿಟಿಂಗ್‌ಗಳು

ದಸರಾ, ದೀಪಾವಳಿ ಹೊತ್ತಿಗೆ ನಮ್ಮಲ್ಲಿ ಹೊಸ ಕಾರು ಮನೆಗೆ ಬರುವುದು ಜಾಸ್ತಿ. ಪೂಜೆ ಮುಗಿದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಕಾರು ಮುಂದೆ ಹೋದ ಮೇಲೆ ಎಕ್ಸ್‌ಟ್ರಾ ಫಿಟಿಂಗ್ ಮಾತು ಶುರುವಾಗುತ್ತದೆ. ಷೋರೂಮಿನವರು ಒಂದು ಪಟ್ಟಿ ಕೊಡುತ್ತಾರೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಒಂದು ಸುತ್ತು ಹೋಗಿ ಬರುತ್ತಾರೆ. ಗೆಳೆಯರು, ನೆಂಟರು ತಮಗೆ ತೋಚಿದ್ದನ್ನು ಸೇರಿಸುತ್ತಾರೆ. ಮುಂದೆ ಒಂದು ಗಾರ್ಡ್, ಬಿಳಿ ಎಲ್‌ಇಡಿ ಲೈಟು, ದೊಡ್ಡ ಅಲಾಯ್ ವೀಲು, ಕಪ್ಪು ಫಿಲ್ಮು.

ಇವುಗಳಲ್ಲಿ ಕೆಲವು ಸುಮ್ನೆ ದುಡ್ಡು ದಂಡ, ಅಷ್ಟೇ. ಇನ್ನು ಕೆಲವು ಕಾರಿನಲ್ಲಿ ಮೊದಲೇ ಇದ್ದ ಸುರಕ್ಷತೆಯನ್ನು ಕಿತ್ತುಕೊಳ್ಳುತ್ತವೆ. ಯಾವುದು ಯಾಕೆ ಬೇಡ ಅಂತ ಕಾರಣ ಸಮೇತ ತಿಳಿದಿದ್ದರೆ ಅಂಗಡಿಯಲ್ಲಿ ನಿರ್ಧಾರ ಮಾಡುವುದು ಸುಲಭ.

## ಮೊದಲು ಒಂದು ಮೂಲ ವಿಷಯ

ಕಾರಿನ ಭಾಗಗಳನ್ನು ಕಂಪನಿಯವರು ಒಂದೊಂದಾಗಿ ಮಾತ್ರ ಪರೀಕ್ಷೆ ಮಾಡುವುದಿಲ್ಲ. ಎಲ್ಲವನ್ನೂ ಸೇರಿಸಿ, ಒಂದು ಇನ್ನೊಂದರ ಜೊತೆ ಹೇಗೆ ಕೆಲಸ ಮಾಡುತ್ತದೆ ಅಂತ ನೋಡುತ್ತಾರೆ. 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಮುಂದಿನಿಂದ ಗುದ್ದಿಸಿ, ಒಳಗಿನ ಬೊಂಬೆಗಳಿಗೆ ಎಷ್ಟು ಪೆಟ್ಟಾಯಿತು ಅಂತ ಅಳೆಯುತ್ತಾರೆ. ಜಾಹೀರಾತಿನಲ್ಲಿ ಕಾಣುವ ಸ್ಟಾರ್‌ಗಳು ಫ್ಯಾಕ್ಟರಿಯಿಂದ ಹೊರಬಂದ ಹಾಗೇ ಇರುವ ಕಾರಿಗೆ ಸಿಕ್ಕಿದ್ದು. ನಾವು ಹೊರಗೆ ಏನೋ ಸೇರಿಸಿದ ಮೇಲೆ ಅದೇ ಸ್ಟಾರ್ ಉಳಿದಿದೆಯಾ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ಹಾಗಾಗಿ ಯಾವುದೇ ಫಿಟಿಂಗ್ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಬದಲಾಯಿಸಿದರೆ, ಇದನ್ನೇ ನಂಬಿಕೊಂಡಿರುವ ಬೇರೆ ಯಾವ ಭಾಗ ಕೆಡುತ್ತದೆ? ಮೊಬೈಲ್ ಹೋಲ್ಡರ್, ಮಡ್ ಫ್ಲಾಪ್‌ಗಳನ್ನು ಬೇರೆ ಯಾವ ಭಾಗವೂ ನಂಬಿಕೊಂಡಿಲ್ಲ. ಅವುಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಬುಲ್ ಬಾರ್ ಹಾಗಲ್ಲ.

## ಬುಲ್ ಬಾರ್: ಗಟ್ಟಿಯಾಗಿರುವುದೇ ತೊಂದರೆ

ಮುಂದಿನ ಬಂಪರ್ ಎದುರು ಹಾಕಿಸುವ ಕಬ್ಬಿಣದ ಪೈಪಿನ ಚೌಕಟ್ಟಿಗೆ ಬುಲ್ ಬಾರ್ ಅಥವಾ ಕ್ರ್ಯಾಶ್ ಗಾರ್ಡ್ ಅನ್ನುತ್ತಾರೆ. ನೋಡಿದರೆ ಕಾರಿಗೆ ರಕ್ಷಣೆ ಸಿಕ್ಕಿತು ಅನ್ನಿಸುತ್ತದೆ. ಪಾರ್ಕಿಂಗ್‌ನಲ್ಲಿ ಸಣ್ಣ ಗೀರು, ತಗ್ಗು ಆಗುವುದನ್ನು ಅದು ತಡೆಯುವುದೂ ನಿಜ. ಜೋರಾಗಿ ಗುದ್ದಿದಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ.

ಈಗಿನ ಕಾರುಗಳ ಮುಂಭಾಗವನ್ನು ಮುದುಡಿಕೊಳ್ಳುವ ಹಾಗೇ ಮಾಡಿರುತ್ತಾರೆ. ಇದಕ್ಕೆ ಕ್ರಂಪಲ್ ಜೋನ್ ಅಂತ ಹೆಸರು. ಕ್ರಿಕೆಟ್‌ನಲ್ಲಿ ಜೋರಾಗಿ ಬಂದ ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವೆ, ಅಲ್ವಾ? ಚೆಂಡು ನಿಲ್ಲುವುದಕ್ಕೆ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ, ಕೈಗೆ ಪೆಟ್ಟು ಕಡಿಮೆಯಾಗುತ್ತದೆ. ಕಾರಿನ ಮುಂಭಾಗ ಮುದುಡುವುದರ ಉದ್ದೇಶವೂ ಅದೇ. ಬಾನೆಟ್ ಭಾಗ ಹಾಳಾದರೂ ಒಳಗೆ ಕೂತವರ ಎದೆಗೆ, ಕುತ್ತಿಗೆಗೆ ಬೀಳುವ ಪೆಟ್ಟು ತಗ್ಗುತ್ತದೆ.

ಬುಲ್ ಬಾರನ್ನು ನೇರವಾಗಿ ಚಾಸಿಗೆ, ಅಂದರೆ ಕಾರಿನ ಮೂಲ ಚೌಕಟ್ಟಿಗೆ, ಬೋಲ್ಟ್ ಹಾಕಿ ಕೂರಿಸುತ್ತಾರೆ. ಗುದ್ದಿದಾಗ ಆ ಜೋರು ಬಂಪರ್ ಮೂಲಕ ಹಂತಹಂತವಾಗಿ ಹೋಗದೆ ಸೀದಾ ಚಾಸಿಗೆ ಹೋಗುತ್ತದೆ. ಮುದುಡಬೇಕಾದ ಭಾಗ ಅಂದುಕೊಂಡ ಹಾಗೆ ಮುದುಡುವುದಿಲ್ಲ. ಏರ್‌ಬ್ಯಾಗಿನ ಸೆನ್ಸರ್‌ಗೂ ಇದರಿಂದ ಗೊಂದಲ. ವೇಗ ಎಷ್ಟು ಬೇಗ, ಯಾವ ರೀತಿಯಲ್ಲಿ ಇಳಿಯಿತು ಅನ್ನುವುದನ್ನು ನೋಡಿ ಏರ್‌ಬ್ಯಾಗ್ ತೆರೆಯಬೇಕೋ ಬೇಡವೋ ಅಂತ ಅದು ಕ್ಷಣಾರ್ಧದಲ್ಲಿ ತೀರ್ಮಾನಿಸುತ್ತದೆ. ಆ ತೀರ್ಮಾನದ ಲೆಕ್ಕ ಹಾಕಿದ್ದು ಗಾರ್ಡ್ ಇಲ್ಲದ ಕಾರಿಗೆ. ಗಾರ್ಡ್ ಇದ್ದರೆ ಏರ್‌ಬ್ಯಾಗ್ ತಡವಾಗಿ ತೆರೆಯಬಹುದು, ತೆರೆಯದೆಯೂ ಇರಬಹುದು.

ಹೊರಗಿರುವವರ ಕಥೆ ಇನ್ನೂ ಕಷ್ಟದ್ದು. ಈಗಿನ ಬಂಪರ್ ಪ್ಲಾಸ್ಟಿಕ್ಕಿನದು, ಬಾನೆಟ್ ಕೂಡ ಸ್ವಲ್ಪ ಬಾಗುತ್ತದೆ. ರಸ್ತೆ ದಾಟುವವರಿಗೆ ತಾಗಿದರೂ ಪೆಟ್ಟು ಒಂದಿಷ್ಟು ಹಂಚಿಹೋಗುತ್ತದೆ. ಕಬ್ಬಿಣದ ಪೈಪು ಬಾಗುವುದಿಲ್ಲ. ಪುಟ್ಟ ಮಕ್ಕಳ ತಲೆ, ಎದೆ ಹೆಚ್ಚುಕಡಿಮೆ ಅದೇ ಎತ್ತರದಲ್ಲಿರುತ್ತದೆ.

ಈ ಕಾರಣಗಳಿಂದಲೇ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಕ್ರ್ಯಾಶ್ ಗಾರ್ಡ್ ಹಾಕಿದ ವಾಹನಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಹೇಳಿತು. ಈಗ ಹೊಸ ಕಾರುಗಳಲ್ಲಿ ಬಂಪರ್ ಹಿಂದೆ, ಗ್ರಿಲ್ ಹತ್ತಿರ ರೇಡಾರ್ ಬೇರೆ ಬಂದಿದೆ. ಎದುರಿನ ವಾಹನ ನೋಡಿ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಅದನ್ನು ನಂಬಿಕೊಂಡಿದೆ. ಅದರ ಎದುರಿಗೆ ಕಬ್ಬಿಣ ನಿಲ್ಲಿಸಿದರೆ ಆ ವ್ಯವಸ್ಥೆಯೂ ಸರಿಯಾಗಿ ನಡೆಯುವುದಿಲ್ಲ.

## ಏರ್‌ಬ್ಯಾಗಿನ ದಾರಿಗೆ ಅಡ್ಡ ಬರುವ ಸಾಮಾನು

ಏರ್‌ಬ್ಯಾಗ್ ಉಬ್ಬುವುದಕ್ಕೆ ಸೆಕೆಂಡಿನ ನೂರನೇ ಒಂದು ಭಾಗದ ಮೂರ್ನಾಲ್ಕು ಪಟ್ಟು ಸಮಯ ಸಾಕು. ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅಷ್ಟು ಜೋರಾಗಿ ಹೊರಬರುವ ಚೀಲದ ಮುಚ್ಚಳದ ಮೇಲೆ ಏನಿದ್ದರೂ ಅದು ಎದುರಿಗೆ ಕೂತವರ ಮುಖದ ಕಡೆಗೇ ಹಾರುತ್ತದೆ.

ಡ್ಯಾಷ್‌ಬೋರ್ಡಿನ ಮೇಲೆ ಗಣಪತಿಯನ್ನೋ ಆಂಜನೇಯನನ್ನೋ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಇಡಬಾರದು ಅಂತಲ್ಲ, ಜಾಗ ನೋಡಿ ಇಡಬೇಕು. ಪಕ್ಕದ ಸೀಟಿನ ಎದುರು ಏರ್‌ಬ್ಯಾಗ್ ಅಂತ ಅಕ್ಷರ ಕೊರೆದಿರುವ ಜಾಗ ಬಿಟ್ಟು, ಮಧ್ಯದಲ್ಲಿ ಹಗುರವಾದ ಚಿಕ್ಕ ವಿಗ್ರಹ ಅಂಟಿಸಿದರೆ ತೊಂದರೆ ಕಡಿಮೆ. ಗಾಜಿನ ಸೆಂಟ್ ಬಾಟಲಿಗೂ ಇದೇ ಮಾತು.

ಸೀಟ್ ಕವರ್ ವಿಷಯ ಬಹಳ ಜನರ ಗಮನಕ್ಕೆ ಬಂದಿಲ್ಲ. 6 ಏರ್‌ಬ್ಯಾಗ್ ಇರುವ ಕಾರುಗಳಲ್ಲಿ 2 ಏರ್‌ಬ್ಯಾಗ್ ಮುಂದಿನ ಸೀಟುಗಳ ಪಕ್ಕದಲ್ಲೇ ಅಡಗಿರುತ್ತವೆ. ಸೀಟಿನ ಹೊಲಿಗೆ ಹರಿದು ಅವು ಹೊರಬರಬೇಕು. ಕಂಪನಿಯವರು ಆ ಹೊಲಿಗೆಯನ್ನು ಸುಲಭವಾಗಿ ಹರಿಯುವ ಹಾಗೇ ಹಾಕಿರುತ್ತಾರೆ. ಅದರ ಮೇಲೆ ದಪ್ಪ ರೆಕ್ಸಿನ್ ಕವರ್ ಬಿಗಿದರೆ ಏರ್‌ಬ್ಯಾಗ್ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ಬಾಗಿಲ ಕಡೆಗಿನ ಸೀಟಿನ ಅಂಚಿನಲ್ಲಿ ಏರ್‌ಬ್ಯಾಗ್ ಅನ್ನುವ ಸಣ್ಣ ಬಟ್ಟೆಯ ಲೇಬಲ್ ಇದೆಯಾ ನೋಡಿ. ಇದ್ದರೆ ಆ ಕಾರಿಗಂತಲೇ ಮಾಡಿದ, ಆ ಜಾಗ ಬಿಟ್ಟಿರುವ ಕವರ್ ಮಾತ್ರ ಹಾಕಿಸಿ.

ಸೀಟ್ ಬೆಲ್ಟಿನ ಕೀಂಕೀಂ ಸದ್ದು ನಿಲ್ಲಿಸುವ ಕ್ಲಿಪ್ಪಿನ ಬಗ್ಗೆ ಹೆಚ್ಚು ವಿವರಣೆ ಬೇಕಿಲ್ಲ. ಬೆಲ್ಟ್ ಹಾಕದವರು ಮುಂದಕ್ಕೆ ಎಸೆಯಲ್ಪಟ್ಟು, ಇನ್ನೂ ಉಬ್ಬುತ್ತಿರುವ ಏರ್‌ಬ್ಯಾಗಿಗೇ ಹೋಗಿ ಬಡಿಯುತ್ತಾರೆ. ಆಗ ಏರ್‌ಬ್ಯಾಗೇ ಗಾಯ ಮಾಡಬಹುದು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 5 ಆನ್‌ಲೈನ್ ಮಾರಾಟ ಕಂಪನಿಗಳಿಗೆ ಈ ಕ್ಲಿಪ್ ಮಾರಬಾರದು ಅಂತ ಆದೇಶ ಕೊಟ್ಟಿತು. ಆಗ ತೆಗೆದುಹಾಕಿದ ಜಾಹೀರಾತುಗಳೇ 13,118.

## ಹೆಡ್‌ಲೈಟ್: ಬೆಳಕು ಜಾಸ್ತಿ, ಕಾಣುವುದು ಕಡಿಮೆ

ರಾತ್ರಿ ಹೊತ್ತು ಎರಡು ಲೇನ್ ರಸ್ತೆಯಲ್ಲಿ ಕಾರು ಓಡಿಸಿದವರಿಗೆಲ್ಲ ಈ ಕಷ್ಟ ಗೊತ್ತು. ಎದುರಿನಿಂದ ಬಿಳಿ ಬೆಳಕು ಕಣ್ಣಿಗೆ ಹೊಡೆದು ಎರಡು ಮೂರು ಸೆಕೆಂಡ್ ಏನೂ ಕಾಣುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ 3 ಸೆಕೆಂಡ್ ಅಂದರೆ 50 ಮೀಟರ್. ಅಷ್ಟು ದೂರ ಕಣ್ಣು ಕಟ್ಟಿಕೊಂಡು ಹೋದ ಹಾಗೆ. ಕಣ್ಣು ಕುಕ್ಕುವ ಇಂಥ ಲೈಟುಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈನಲ್ಲಿ ರಾಜ್ಯದಾದ್ಯಂತ ಕಾರ್ಯಾಚರಣೆ ನಡೆಸಿದ್ದರು.

ಎದುರಿನವರು ಡಿಮ್ ಮಾಡಿದ್ದರೂ ಕಣ್ಣು ಕುಕ್ಕುವುದು ಯಾಕೆ? ಉತ್ತರ ಬಲ್ಬಿನ ಒಳಗಿದೆ. ಹ್ಯಾಲೊಜೆನ್ ಹೆಡ್‌ಲೈಟ್‌ನಲ್ಲಿ ಹೆಚ್ಚಾಗಿ ಬಳಸುವ ಬಲ್ಬಿಗೆ ಎಚ್4 ಅಂತ ಹೆಸರು. ಅದರಲ್ಲಿ 2 ತಂತಿಗಳಿರುತ್ತವೆ, ಒಂದು ಹೈ ಬೀಮಿಗೆ, ಇನ್ನೊಂದು ಡಿಮ್‌ಗೆ. ಡಿಮ್ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲಿನಂಥ ತಡೆ ಇರುತ್ತದೆ. ಮೇಲಕ್ಕೆ ಹೋಗಿ ಎದುರಿನವರ ಕಣ್ಣಿಗೆ ಬೀಳಬಹುದಾದ ಬೆಳಕನ್ನು ಅದು ತಡೆಯುತ್ತದೆ. ಹಿಂದಿರುವ ಹೊಳೆಯುವ ರಿಫ್ಲೆಕ್ಟರಿನ ಒಂದೊಂದು ತಿರುವನ್ನೂ ಆ ತಂತಿ ಇರುವ ಜಾಗಕ್ಕೆ ಹೊಂದಿಸಿ ಮಾಡಿರುತ್ತಾರೆ. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಬೀಳುವ ಜಾಗ ಬದಲಾಗುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ಎಲ್‌ಇಡಿ ಬಲ್ಬು ಅದೇ ಹೋಲ್ಡರ್‌ಗೆ ಕೂರುತ್ತದೆ. ಆದರೆ ಅದರಲ್ಲಿ ಬೆಳಕು ಬರುವ ಜಾಗ, ಗಾತ್ರ, ದಿಕ್ಕು ಎಲ್ಲ ಬೇರೆ. ರಿಫ್ಲೆಕ್ಟರ್ ಆ ಬೆಳಕನ್ನು ಎಲ್ಲೆಲ್ಲಿಗೋ ಚೆಲ್ಲುತ್ತದೆ. ಕಾರಿನ ಹತ್ತಿರದ ರಸ್ತೆ ಫಳಫಳ ಹೊಳೆಯುವುದರಿಂದ ನಮಗೆ ಚೆನ್ನಾಗಿ ಕಾಣುತ್ತಿದೆ ಅನ್ನಿಸುತ್ತದೆ. ಹತ್ತಿರದ ಆ ಬೆಳಕಿಗೆ ಕಣ್ಣು ಒಗ್ಗಿಕೊಂಡ ಮೇಲೆ ದೂರದ ಕತ್ತಲೆಯಲ್ಲಿರುವ ಹಸು, ನಿಂತ ಲಾರಿ ಮೊದಲಿಗಿಂತ ಕಡಿಮೆ ಕಾಣುತ್ತವೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಂಥ ಕಡೆ ಮಂಜು ಕವಿದರೆ ಇನ್ನೂ ಕಷ್ಟ. ಮೇಲಕ್ಕೆ ಚೆಲ್ಲಿದ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಕಂಪನಿಯಿಂದಲೇ ಎಲ್‌ಇಡಿ ಬಂದಿರುವ ಕಾರಿನಲ್ಲಿ ಈ ತೊಂದರೆ ಇಲ್ಲ, ಯಾಕೆಂದರೆ ಅಲ್ಲಿ ಇಡೀ ಲ್ಯಾಂಪನ್ನೇ ಎಲ್‌ಇಡಿಗೆ ಹೊಂದಿಸಿ ಮಾಡಿರುತ್ತಾರೆ.

ಎಲ್‌ಇಡಿ ಬೇಡ, ಜಾಸ್ತಿ ವ್ಯಾಟಿನ ಹ್ಯಾಲೊಜೆನ್ ಹಾಕೋಣ ಅನ್ನುವವರೂ ಇದ್ದಾರೆ. ಎಚ್4 ಬಲ್ಬಿನ ಸರಿಯಾದ ಅಳತೆ 60/55 ವ್ಯಾಟ್. ಅಂಗಡಿಯಲ್ಲಿ 100/90 ವ್ಯಾಟಿನದ್ದೂ ಸಿಗುತ್ತದೆ. 12 ವೋಲ್ಟಿನ ಲೆಕ್ಕದಲ್ಲಿ 60 ವ್ಯಾಟಿಗೆ 5 ಆಂಪಿಯರ್ ಕರೆಂಟ್ ಹರಿದರೆ 100 ವ್ಯಾಟಿಗೆ 8 ಆಂಪಿಯರ್ ದಾಟುತ್ತದೆ. ವೈರು ಬಿಸಿಯಾಗುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಅಂದರೆ ಅದೇ ವೈರಿನಲ್ಲಿ ಎರಡೂವರೆ ಪಟ್ಟಿಗಿಂತ ಜಾಸ್ತಿ ಬಿಸಿ. ಹೋಲ್ಡರ್ ಕರಗುವುದು, ರಿಫ್ಲೆಕ್ಟರಿನ ಹೊಳಪು ಸುಟ್ಟು ಮಂಕಾಗುವುದು ಹೀಗೇ. ರಿಲೇ (ಬ್ಯಾಟರಿಯಿಂದ ನೇರ ಕರೆಂಟ್ ಕೊಡುವ ಸ್ವಿಚ್ಚು) ಹಾಕಿಸಿ ದಪ್ಪ ವೈರ್ ಎಳೆಸಿದರೆ ವೈರಿನ ತೊಂದರೆ ತಪ್ಪುತ್ತದೆ, ಲ್ಯಾಂಪಿನೊಳಗಿನ ಬಿಸಿ ತಪ್ಪುವುದಿಲ್ಲ.

ನಿಜವಾಗಿ ಬೆಳಕು ಸಾಲುತ್ತಿಲ್ಲ ಅನ್ನಿಸಿದರೆ ಮೊದಲು ಲ್ಯಾಂಪಿನ ಹೊರಗವಚ ನೋಡಿ. ಬಿಸಿಲಿಗೆ ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿದರೂ ಬಹಳ ವ್ಯತ್ಯಾಸ ಗೊತ್ತಾಗುತ್ತದೆ. ಆಮೇಲೆ ಸ್ಟೀರಿಂಗ್ ಪಕ್ಕದ 0, 1, 2, 3 ಅಂತ ಬರೆದ ಚಿಕ್ಕ ಚಕ್ರ ನೋಡಿ. ಅದು ಲೈಟನ್ನು ಮೇಲೆ ಕೆಳಗೆ ಮಾಡುವ ಚಕ್ರ. ಒಬ್ಬರೇ ಇದ್ದಾಗ 0, ಹಿಂದೆ ಜನ, ಲಗೇಜು ತುಂಬಿದಾಗ ಹೆಚ್ಚಿನ ಅಂಕೆ. ಗೊತ್ತಿಲ್ಲದೆ ಅದನ್ನು 3ಕ್ಕೆ ಇಟ್ಟುಕೊಂಡು, ಲೈಟ್ ಸರಿಯಿಲ್ಲ ಅಂತ ಬಲ್ಬ್ ಬದಲಾಯಿಸುವವರು ಇದ್ದಾರೆ.

## ದೊಡ್ಡ ಅಲಾಯ್ ವೀಲ್

ಟೈರಿನ ಪಕ್ಕದಲ್ಲಿ 185/65 ಆರ್15 88ಎಚ್ ಅಂತ ಬರೆದಿರುತ್ತದೆ. 185 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 65 ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65ರಷ್ಟು, ಸುಮಾರು 120 ಮಿ.ಮೀ. 15 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. 88 ಅನ್ನುವುದು ಭಾರದ ಸಂಕೇತ, ಒಂದು ಟೈರು 560 ಕೆ.ಜಿ. ಹೊರುತ್ತದೆ ಅಂತ ಅರ್ಥ. ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳುತ್ತದೆ.

ಈಗ ಇದೇ ಕಾರಿಗೆ 17 ಇಂಚಿನ ಅಲಾಯ್ ಹಾಕಿಸಿದೆವು ಅಂತಿಟ್ಟುಕೊಳ್ಳಿ. ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಇರಬೇಕು, ಇಲ್ಲದಿದ್ದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ಹಾಗಾಗಿ ಟೈರು 205/45 ಆರ್17 ಆಗುತ್ತದೆ. ಪಕ್ಕದ ಗೋಡೆ 120ರಿಂದ 92 ಮಿ.ಮೀ.ಗೆ ಇಳಿಯಿತು. ಗುಂಡಿಗೆ ಬಿದ್ದಾಗ ಮೊದಲು ಪೆಟ್ಟು ತಿಂದು ಅದುಮಿಕೊಳ್ಳುವುದು ಈ ಗೋಡೆಯೇ. ಅದು ಗಿಡ್ಡವಾದಷ್ಟೂ ಪೆಟ್ಟು ರಿಮ್ಮಿಗೆ, ಸಸ್ಪೆನ್ಷನ್‌ಗೆ, ಕೊನೆಗೆ ನಮ್ಮ ಸೊಂಟಕ್ಕೆ. ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆಗಳ ಸ್ಥಿತಿ ನೆನಪಿಸಿಕೊಂಡರೆ ಈ 28 ಮಿ.ಮೀ. ಬೆಲೆ ಗೊತ್ತಾಗುತ್ತದೆ. ಸ್ಟೀಲ್ ರಿಮ್ ಬಾಗಿದರೆ ತಟ್ಟಿ ನೇರ ಮಾಡಬಹುದು. ಕಳಪೆ ಅಲಾಯ್ ಸೀಳಿಹೋಗುತ್ತದೆ.

ಅಗಲ ಟೈರು ಉರುಳುವುದಕ್ಕೆ ಜಾಸ್ತಿ ಶಕ್ತಿ ಬೇಕು, ದೊಡ್ಡ ರಿಮ್ ಭಾರವೂ ಜಾಸ್ತಿ. ಹೀಗಾಗಿ ಮೈಲೇಜ್ ಇಳಿಯುತ್ತದೆ. ಭಾರದ ಸಂಕೇತವೂ ಇಳಿದುಬಿಡಬಹುದು. 84 ಅಂತ ಇದ್ದರೆ ಆ ಟೈರು ಹೊರುವುದು 500 ಕೆ.ಜಿ. ಮಾತ್ರ. ಕಂಪನಿಯವರೇ ಅದೇ ಕಾರಿನ ಮೇಲಿನ ಮಾಡೆಲ್‌ಗೆ ಕೊಡುವ ಅಳತೆಯವರೆಗೆ ಹೋದರೆ ಚಿಂತೆಯಿಲ್ಲ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲೋ ಕಾರಿನ ಪುಸ್ತಕದಲ್ಲೋ ಆ ಅಳತೆಗಳು ಇರುತ್ತವೆ.

ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವುದಂತೂ ಬೇಡವೇ ಬೇಡ. ರಸ್ತೆಗಳ ಅಳತೆ, ಗುಣಮಟ್ಟ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಊರೂರಿನಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ ಹಂಪುಗಳು ಅದಕ್ಕಿಂತ ಕಡಿದಾಗಿರುತ್ತವೆ. ಸ್ಪ್ರಿಂಗಿಗೆ ರಬ್ಬರ್ ತುರುಕಿ ಕಾರನ್ನು ಎತ್ತರಿಸಿದರೆ ಹಂಪು ತಾಗುವುದಿಲ್ಲ ನಿಜ, ಆದರೆ ತಿರುವಿನಲ್ಲಿ ವಾಲಾಟ ಜಾಸ್ತಿ, ಸಸ್ಪೆನ್ಷನ್ ಬೇಗ ಸವೆಯುತ್ತದೆ.

## ಎಂಜಿನ್ ಕಡೆಗಿನ ಬದಲಾವಣೆಗಳು

ಸೈಲೆನ್ಸರ್ ಬದಲಾಯಿಸಿದರೆ ಸದ್ದು ಬದಲಾಗುತ್ತದೆ, ಶಕ್ತಿ ಅಲ್ಲ. ಸಾಮಾನ್ಯ 1.2 ಲೀಟರ್ ಕಾರಿನಲ್ಲಿ ಹೊಗೆ ಹೊರಹೋಗುವ ದಾರಿ ಸರಾಗ ಮಾಡಿದರೆ ಸಿಗುವ ಲಾಭ ಗಮನಕ್ಕೂ ಬರುವುದಿಲ್ಲ. ಕೆಲವರು ಕ್ಯಾಟಲಿಟಿಕ್ ಕನ್ವರ್ಟರನ್ನೇ ತೆಗೆಸುತ್ತಾರೆ. ವಿಷದ ಹೊಗೆಯನ್ನು ಶುದ್ಧ ಮಾಡುವ ಭಾಗ ಅದು. ಅದರ ಮುಂದೆ ಹಿಂದೆ ಆಕ್ಸಿಜನ್ ಸೆನ್ಸರ್‌ಗಳಿರುತ್ತವೆ. ತೆಗೆದರೆ ಚೆಕ್ ಎಂಜಿನ್ ಲೈಟ್ ಹತ್ತಿಕೊಳ್ಳುತ್ತದೆ. 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್6 (ಹೊಗೆಯ ಮಿತಿ ಬಿಗಿ ಮಾಡಿದ ನಿಯಮ) ಕಾರುಗಳಲ್ಲಿ ಈ ಸೆನ್ಸರ್‌ಗಳಿಗೆ ಮೋಸ ಮಾಡುವುದು ಇನ್ನೂ ಕಷ್ಟ.

ಕೋನ್ ಆಕಾರದ ಏರ್ ಫಿಲ್ಟರ್ ಕಥೆ ಬೇರೆ. ಕಂಪನಿ ಫಿಲ್ಟರಿಗೆ ಗಾಳಿ ಬರುವುದು ಗ್ರಿಲ್ ಹತ್ತಿರದ ತಂಪು ಜಾಗದಿಂದ. ಹೊಸ ಫಿಲ್ಟರನ್ನು ಎಂಜಿನ್ ಪಕ್ಕ ತೆರೆದು ಕೂರಿಸಿದರೆ ಅದು ಬಿಸಿ ಗಾಳಿ ಎಳೆದುಕೊಳ್ಳುತ್ತದೆ. ಬಿಸಿ ಗಾಳಿಯಲ್ಲಿ ಆಕ್ಸಿಜನ್ ಕಡಿಮೆ, ಹಾಗಾಗಿ ಶಕ್ತಿ ಇಳಿದರೂ ಆಶ್ಚರ್ಯವಿಲ್ಲ. ಚಿಪ್ ಹಾಕಿಸುವುದು, ಅಂದರೆ ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಾಯಿಸುವುದು, ಟರ್ಬೊ ಎಂಜಿನ್‌ನಲ್ಲಿ ನಿಜವಾಗಿಯೂ ಶಕ್ತಿ ಹೆಚ್ಚಿಸುತ್ತದೆ. ಆದರೆ ಕ್ಲಚ್, ಗೇರ್‌ಬಾಕ್ಸ್ ಅದೇ ಹಳೆಯವು. ಜಾಸ್ತಿಯಾದ ಜೋರನ್ನು ಅವೇ ತಡೆದುಕೊಳ್ಳಬೇಕು, ವಾರಂಟಿಯೂ ಕೈಬಿಟ್ಟಿರುತ್ತದೆ.

ಮೈಲೇಜ್ ಹೆಚ್ಚಿಸುವ ಮ್ಯಾಗ್ನೆಟ್, ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಡಬ್ಬಿ ಇವೆಲ್ಲ ಏನೂ ಮಾಡುವುದಿಲ್ಲ. ಪೆಟ್ರೋಲಿನ ಮೇಲೆ ಮ್ಯಾಗ್ನೆಟ್ ಪರಿಣಾಮ ಬೀರುವುದಿಲ್ಲ. ಅಮೆರಿಕದ ಪರಿಸರ ಇಲಾಖೆ ಇಂಧನ ಉಳಿಸುತ್ತೇವೆ ಅನ್ನುವ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿತ್ತು. ಮೈಲೇಜನ್ನು ಗಮನಾರ್ಹವಾಗಿ ಹೆಚ್ಚಿಸುವಂಥದ್ದು ಒಂದೂ ಸಿಗಲಿಲ್ಲ.

## ಗಾಜಿನ ಫಿಲ್ಮ್

ಕಾರಿನ ಮುಂದಿನ, ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ. 70, ಪಕ್ಕದ ಗಾಜಿನ ಮೂಲಕ ಕನಿಷ್ಠ ಶೇ. 50 ಬೆಳಕು ಒಳಗೆ ಬರಬೇಕು ಅನ್ನುವುದು ನಿಯಮ. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್, ಗಾಜಿನ ಮೇಲೆ ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು. ಆಮೇಲೆ ಕೇಂದ್ರ ಸರ್ಕಾರ ನಿಯಮ ತಿದ್ದಿತು, 2021ರ ಏಪ್ರಿಲ್‌ನಿಂದ ಅದು ಜಾರಿಗೆ ಬಂತು. ಅದನ್ನು ಆಧರಿಸಿ 2024ರಲ್ಲಿ ಕೇರಳ ಹೈಕೋರ್ಟ್, 70/50 ಮಿತಿಯೊಳಗಿನ ಫಿಲ್ಮ್ ಹಾಕಬಹುದು ಅಂದಿತು. ಆ ತೀರ್ಪು ಕರ್ನಾಟಕವನ್ನು ಕಟ್ಟಿಹಾಕುವುದಿಲ್ಲ.

ಅಂಗಡಿಯಲ್ಲಿ ಶೇ. 50ರ ಫಿಲ್ಮ್, ಕಾನೂನಿನ ಪ್ರಕಾರವೇ ಇದೆ ಅನ್ನುತ್ತಾರೆ. ಗಾಜೇ ಸ್ವಲ್ಪ ಬೆಳಕನ್ನು ತಡೆದಿರುತ್ತದೆ ಅನ್ನುವುದನ್ನು ಈ ಮಾತು ಬಿಟ್ಟುಬಿಡುತ್ತದೆ. ಗಾಜು ಶೇ. 75 ಬೆಳಕು ಬಿಟ್ಟರೆ, ಅದರಲ್ಲಿ ಅರ್ಧವನ್ನು ಫಿಲ್ಮ್ ತಡೆಯುತ್ತದೆ. ಒಳಗೆ ಬರುವುದು ಶೇ. 37.5 ಮಾತ್ರ. ರಾತ್ರಿ ಮಳೆಯಲ್ಲಿ ಪಕ್ಕದಿಂದ ಬರುವ ಬೈಕು ಕಾಣದೇ ಹೋಗುವುದಕ್ಕೆ ಅಷ್ಟು ಸಾಕು.

## ಕಾನೂನು, ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್.ಸಿ.ಯಲ್ಲಿ ಬರೆದಿರುವ ವಿವರಗಳು ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಸೇರಿತು: ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂ. ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ಎಲ್ಲ ಬದಲಾವಣೆಯೂ ತಪ್ಪಲ್ಲ. ಅಂಗವಿಕಲರು ಓಡಿಸಲು ಬೇಕಾದ ಮಾರ್ಪಾಡು, ಮಾನ್ಯತೆ ಪಡೆದ ಸಿಎನ್‌ಜಿ ಕಿಟ್, ಬಣ್ಣ ಬದಲಾಯಿಸುವುದು ಇವಕ್ಕೆ ದಾರಿ ಇದೆ. ಆರ್‌ಟಿಒ ಕಚೇರಿಗೆ ತಿಳಿಸಿ ಆರ್.ಸಿ.ಯಲ್ಲಿ ನಮೂದಿಸಿಕೊಳ್ಳಬೇಕು.

ಜೊತೆಗೆ ಇನ್ಶೂರೆನ್ಸ್ ಕಂಪನಿಗೂ ಹೇಳಬೇಕು. ಪಾಲಿಸಿ ಕೊಟ್ಟಿದ್ದು ಮೂಲ ಕಾರಿಗೆ. ವೈರ್ ಕತ್ತರಿಸಿ ಲೈಟ್ ಹಾಕಿಸಿದ ಕಾರಿಗೆ ಬೆಂಕಿ ಬಿದ್ದರೆ, ನಷ್ಟ ಅಳೆಯಲು ಬರುವ ಇನ್ಶೂರೆನ್ಸ್ ಸರ್ವೇಯರ್ ಮೊದಲು ನೋಡುವುದು ಆ ಜೋಡಣೆಯನ್ನೇ. ವೈರ್ ಕತ್ತರಿಸದೆ, ಆ ಕಾರಿಗಂತಲೇ ಮಾಡಿದ ಕಪ್ಲರ್ (ವೈರಿಗೆ ವೈರು ಸಿಕ್ಕಿಸುವ ಪ್ಲಗ್) ಬಳಸಿ ಹಾಕುವ ಸಾಮಾನು ಮಾತ್ರ ತೆಗೆದುಕೊಳ್ಳಿ.

## ಅದೇ ದುಡ್ಡು ಎಲ್ಲಿ ಹಾಕಬಹುದು

ಅಲಾಯ್‌ಗೆ ಇಟ್ಟ ದುಡ್ಡಿನಲ್ಲಿ ಅದೇ ಅಳತೆಯ ಒಳ್ಳೆಯ 4 ಟೈರು ಬರುತ್ತವೆ. ಮಳೆಯಲ್ಲಿ ಬ್ರೇಕ್ ಹಿಡಿಯುವುದು ಕೊನೆಗೂ ಟೈರಿನ ರಬ್ಬರೇ. ಹೊಸ ವೈಪರ್ ಬ್ಲೇಡ್, ಸರಿಯಾದ ವ್ಯಾಟಿನ ಹೊಸ ಬಲ್ಬು, ರಿವರ್ಸ್ ಕ್ಯಾಮೆರಾ, ಪುಟ್ಟ ಮಕ್ಕಳಿದ್ದರೆ ಒಳ್ಳೆಯ ಚೈಲ್ಡ್ ಸೀಟ್ ಇವೆಲ್ಲ ಕೊಟ್ಟ ಹಣಕ್ಕೆ ಕೆಲಸ ಮಾಡುತ್ತವೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಒಂದು ಕೆಲಸ ಜಾಸ್ತಿ ಮಾಡಬೇಕು. ಆರ್.ಸಿ. ಕೈಯಲ್ಲಿ ಹಿಡಿದು ಬಣ್ಣ, ಇಂಧನ, ಸೀಟಿನ ಸಂಖ್ಯೆ ಹೊಂದುತ್ತವೆಯಾ ನೋಡಿ. ಬಾನೆಟ್ ಎತ್ತಿ ಟೇಪ್ ಸುತ್ತಿದ ಜೋಡಣೆ ಹುಡುಕಿ. ಸೀಟ್ ಕವರ್ ತೆಗೆಸಿ ಏರ್‌ಬ್ಯಾಗ್ ಲೇಬಲ್ ನೋಡಿ. ಕಾರು ಸ್ಟಾರ್ಟ್ ಮಾಡಿದಾಗ ಏರ್‌ಬ್ಯಾಗ್ ಗುರುತಿನ ಲೈಟ್ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತದೇ ಇದ್ದರೆ ಬಲ್ಬ್ ತೆಗೆದಿರಬಹುದು, ಆರದೇ ಇದ್ದರೆ ಏರ್‌ಬ್ಯಾಗಿನಲ್ಲೇ ದೋಷ ಇದೆ ಅಂತ ಅರ್ಥ. ಎರಡರಲ್ಲಿ ಯಾವುದಾದರೂ, ಸರ್ವಿಸ್ ಸೆಂಟರ್‌ನಲ್ಲಿ ತೋರಿಸುವ ತನಕ ಅಡ್ವಾನ್ಸ್ ಕೊಡಬೇಡಿ.